ಶಾರ್ಕ್ ಹಲ್ಲಿನ ಪಳೆಯುಳಿಕೆ: ಕರಿಕಲ್ಲಿನ ನಾಡಿನಲ್ಲಿ ಕಡಲಿನ ಪಾಠ

ಮಹಾರಾಷ್ಟ್ರದ ಕನ್ನಡ ಮಾಧ್ಯಮ ಶಾಲೆಗಳ ಹತ್ತನೆಯ ತರಗತಿಯಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನದ ಎರಡನೆಯ ಭಾಗವು ಅನುವಂಶೀಯತೆ ಹಾಗೂ ಜೀವವಿಕಾಸವನ್ನು ಕುರಿತ ಪಾಠದಿಂದ ಆರಂಭವಾಗುತ್ತದೆ. ಜೀವವಿಕಾಸಕ್ಕೆ ದೊರೆಯುವ ಪುರಾವೆಗಳಲ್ಲಿ ಪಳೆಯುಳಿಕೆಯೂ ಒಂದು ಎಂಬುದು ಅಲ್ಲಿಯ ಮುಖ್ಯ ವಿಷಯಗಳಲ್ಲೊಂದು. ಪಠ್ಯಪುಸ್ತಕವು ವಿಷಯವನ್ನು ಸೂಚಿಸಿ ಮುಂದೆ ಸಾಗುತ್ತದೆ, ಸಾಗಲೇಬೇಕು. ಪಳೆಯುಳಿಕೆಯೊಂದು ಪುರಾವೆಯಾಗುವುದು ಹೇಗೆ, ಒಂದು ತುಣುಕು ಕಲ್ಲಿನಿಂದ ಅಳಿದುಹೋದ ಲೋಕವೊಂದನ್ನು ಊಹಿಸುವ ಅಧಿಕಾರ ಯಾರಿಗಾದರೂ ಹೇಗೆ ಬರುತ್ತದೆ ಎಂಬುದನ್ನು ವಿವರಿಸುವ ಹೊಣೆ ಶಿಕ್ಷಕರದು. ಆ ವಿವರಣೆಗೆ ಶಾರ್ಕ್ ಮೀನಿನ ಹಲ್ಲಿನಷ್ಟು ಅನುಕೂಲವಾದ ಉದಾಹರಣೆ ಬೇರೊಂದು ಸಿಗುವುದು ಕಷ್ಟ. ಆಕಾರ ಸ್ಪಷ್ಟ, ಕೆಲಸ ಸ್ಪಷ್ಟ, ಮಕ್ಕಳ ಕುತೂಹಲವಂತೂ ಮೊದಲೇ ಸಿದ್ಧವಾಗಿರುತ್ತದೆ.

ಆದರೆ ಸೊಲ್ಲಾಪುರ, ಅಕ್ಕಲಕೋಟೆಯ ತರಗತಿಗಳಲ್ಲಿ ಈ ಉದಾಹರಣೆಯನ್ನು ಎತ್ತಿಕೊಂಡ ಹತ್ತು ನಿಮಿಷದೊಳಗೆ ಒಂದು ಪ್ರಶ್ನೆ ಬಂದೇ ಬರುತ್ತದೆ: “ಸರ್, ನಮ್ಮ ಹೊಲದಾಗ ಇಂಥ ಹಲ್ಲು ಸಿಗತಾವೇನ್ರಿ?” ಈ ಪ್ರಶ್ನೆಗೆ ಎರಡು ಸುಲಭದ ಉತ್ತರಗಳಿವೆ. “ಇಲ್ಲ, ಅದೆಲ್ಲ ಬೇರೆ ದೇಶದ ಮಾತು” ಎಂಬುದು ಮೊದಲನೆಯದು. “ಒಂದು ಕಾಲಕ್ಕೆ ಎಲ್ಲ ಕಡೆಯೂ ಸಮುದ್ರವಿತ್ತು, ಹುಡುಕಿದರೆ ಸಿಗಬಹುದು” ಎಂಬುದು ಎರಡನೆಯದು. ಮೊದಲನೆಯದು ಮಗುವನ್ನು ಪಾಠದಿಂದ ಹೊರಗಿಡುತ್ತದೆ. ಎರಡನೆಯದು ಮಗುವಿಗೆ ತಪ್ಪನ್ನು ಕಲಿಸುತ್ತದೆ. ಸರಿಯಾದ ಉತ್ತರ ಇವೆರಡಕ್ಕಿಂತ ದೀರ್ಘವಾದದ್ದು, ಮತ್ತು ಪಾಠದ ನಿಜವಾದ ತಿರುಳು ಇರುವುದು ಅದರಲ್ಲೇ.

ಹಲ್ಲೇ ಏಕೆ ಉಳಿಯುತ್ತದೆ

ಶಾರ್ಕ್ ಮತ್ತು ಅದರ ದಾಯಾದಿಯಾದ ತೊರಕೆ ಮೀನುಗಳ ಅಸ್ಥಿಪಂಜರ ಮೂಳೆಯದಲ್ಲ, ಮೃದ್ವಸ್ಥಿಯದು. ಮನುಷ್ಯರ ಕಿವಿಯ ಹಾಲೆಯನ್ನು ಮುಟ್ಟಿ ನೋಡಿದರೆ ಮೃದ್ವಸ್ಥಿ ಎಂದರೇನೆಂಬುದು ತಿಳಿಯುತ್ತದೆ. ಸತ್ತ ಬಳಿಕ ಇದು ಬೇಗನೆ ಕೊಳೆತು ಹೋಗುವುದರಿಂದ ಶಾರ್ಕ್‌ನ ಇಡೀ ದೇಹ ಕಲ್ಲಾಗಿ ಉಳಿಯುವುದು ಅಪರೂಪ. ಹಲ್ಲಿನ ವಿಚಾರ ಬೇರೆ. ಅದರ ಹೊರಕವಚ ಫ್ಲೋರಿನ್ ಬೆರೆತ ಕ್ಯಾಲ್ಸಿಯಂ ಫಾಸ್ಫೇಟಿನಿಂದಾದದ್ದು. ಬಹಳ ಗಟ್ಟಿ, ನೀರಿಗೆ ಸುಲಭವಾಗಿ ಕರಗದು. ಇನ್ನೊಂದು ಕಾರಣವೂ ಉಂಟು. ಶಾರ್ಕ್‌ನ ಬಾಯಿಯಲ್ಲಿ ಹಲ್ಲುಗಳು ಸಾಲುಸಾಲಾಗಿ ಒಂದರ ಹಿಂದೊಂದು ಬೆಳೆದು ನಿಂತಿರುತ್ತವೆ. ಮುಂದಿನದು ಉದುರಿದೊಡನೆ ಹಿಂದಿನದು ಮುಂದೆ ಬರುತ್ತದೆ. ಹೀಗೆ ಒಂದೇ ಶಾರ್ಕ್ ತನ್ನ ಆಯುಷ್ಯದಲ್ಲಿ ಸಾವಿರಾರು ಹಲ್ಲುಗಳನ್ನು ಕಡಲತಳಕ್ಕೆ ಉದುರಿಸುತ್ತದೆ. ಒಂದು ಮೀನು ಸತ್ತರೆ ಒಂದೇ ಶವ; ಬದುಕಿದ್ದರೆ ಸಾವಿರ ಹಲ್ಲು. ಪಳೆಯುಳಿಕೆಯ ಲೆಕ್ಕದಲ್ಲಿ ಇದು ದೊಡ್ಡ ವ್ಯತ್ಯಾಸ.

ಕಲ್ಲಿನಲ್ಲಿ ದೊರೆಯುವ ಈ ತ್ರಿಕೋನಗಳು ಹಲ್ಲುಗಳೇ ಎಂದು ಒಪ್ಪಿಕೊಳ್ಳಲು ಯುರೋಪಿನ ವಿದ್ವಾಂಸರಿಗೆ ಬಹಳ ಕಾಲ ಹಿಡಿಯಿತು. ಮಾಲ್ಟಾ ದ್ವೀಪದಲ್ಲಿ ಹೇರಳವಾಗಿ ಸಿಗುತ್ತಿದ್ದ ಇವನ್ನು “ನಾಲಗೆಗಲ್ಲು” ಎಂದು ಕರೆದು, ವಿಷಹಾರಿಯೆಂದು ನಂಬಿ ತಾಯಿತದಂತೆ ಧರಿಸುತ್ತಿದ್ದರು. 1666ರಲ್ಲಿ ಇಟಲಿಯ ಲಿವೊರ್ನೊ ಬಳಿ ಮೀನುಗಾರರು ಒಂದು ಭಾರಿ ಶಾರ್ಕ್ ಹಿಡಿದರು. ಅದರ ತಲೆಯನ್ನು ಫ್ಲಾರೆನ್ಸಿನಲ್ಲಿದ್ದ ಡೆನ್ಮಾರ್ಕಿನ ಅಂಗರಚನಾಶಾಸ್ತ್ರಜ್ಞ ನಿಕೊಲಾಸ್ ಸ್ಟೆನೊ ಕೊಯ್ದು ಪರೀಕ್ಷಿಸಿದನು. ಬಾಯಿಯೊಳಗಿನ ಹಲ್ಲಿಗೂ ನಾಲಗೆಗಲ್ಲಿಗೂ ಭೇದವಿಲ್ಲವೆಂದು 1667ರಲ್ಲಿ ಪ್ರಕಟಿಸಿದನು. ಅಲ್ಲಿಗೆ ನಿಂತಿದ್ದರೆ ಅವನು ಒಬ್ಬ ಒಳ್ಳೆಯ ವೈದ್ಯನಾಗಿ ಉಳಿಯುತ್ತಿದ್ದ. ಹಲ್ಲು ಕಲ್ಲಿನೊಳಗೆ ಹೋದದ್ದು ಹೇಗೆ ಎಂಬ ಮುಂದಿನ ಪ್ರಶ್ನೆಯನ್ನು ಅವನು ಕೇಳಿಕೊಂಡ. ಕಲ್ಲು ಒಮ್ಮೆ ಕೆಸರಾಗಿದ್ದಿರಬೇಕು, ಕೆಸರು ಪದರುಪದರಾಗಿ ಕೂತಿರಬೇಕು, ಕೆಳಗಿನ ಪದರು ಮೇಲಿನದಕ್ಕಿಂತ ಹಳೆಯದಾಗಿರಬೇಕು ಎಂಬ ತರ್ಕವನ್ನು 1669ರ ಗ್ರಂಥದಲ್ಲಿ ಅವನು ಮಂಡಿಸಿದ. ಭೂವಿಜ್ಞಾನದ ಮೊದಲ ನಿಯಮವಾಗಿ ಇಂದಿಗೂ ಇದನ್ನೇ ಕಲಿಸಲಾಗುತ್ತದೆ. ಹಗೇವಿನಲ್ಲಿ ಜೋಳ ತುಂಬುವುದನ್ನು ಕಂಡಿರುವ ಅಥವಾ ಮನೆಯ ಹಿರಿಯರಿಂದ ಕೇಳಿರುವ ಮಕ್ಕಳಿಗೆ ಈ ನಿಯಮವನ್ನು ವಿವರಿಸುವ ಅಗತ್ಯವೇ ಬೀಳದು: ಮೊದಲು ಸುರಿದ ಜೋಳ ತಳದಲ್ಲಿರುತ್ತದೆ.

ಆಕಾರದಿಂದ ಆಹಾರ, ಆಹಾರದಿಂದ ನೆಲೆ

ಹಲ್ಲಿನ ಆಕಾರವನ್ನು ಓದುವುದು ಪಾಠದ ಅತ್ಯಂತ ಸುಲಭವಾದ ಹಾಗೂ ಆನಂದದ ಭಾಗ. ಇದಕ್ಕೆ ಚಿತ್ರಪಟವೂ ಬೇಕಿಲ್ಲ. ಒಂದು ದಬ್ಬಣ, ಕಕ್ಕು ಹಾಕಿದ ಒಂದು ಕುಡುಗೋಲು, ಬೀಸುವ ಕಲ್ಲಿನ ಒಂದು ಚೂರು ಮೇಜಿನ ಮೇಲಿದ್ದರೆ ಸಾಕು. ದಬ್ಬಣದಂತೆ ಸಪೂರವೂ ಚೂಪೂ ಆದ ಹಲ್ಲು ಜಾರುವ ಸಣ್ಣ ಮೀನನ್ನು ಚುಚ್ಚಿ ಹಿಡಿಯುವುದಕ್ಕೆ. ಅಗಲವಾಗಿ, ಅಂಚಿನಲ್ಲಿ ಗರಗಸದ ಕಕ್ಕುಗಳಿರುವ ತ್ರಿಕೋನದ ಹಲ್ಲು ದೊಡ್ಡ ಪ್ರಾಣಿಯ ಮಾಂಸವನ್ನು ಕೊಯ್ಯುವುದಕ್ಕೆ. ಜೋಳದ ದಂಟಿಗೆ ಕುಡುಗೋಲು ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ಚಪ್ಪಟೆಯಾಗಿ, ಹಾಸುಗಲ್ಲಿನಂತೆ ಒತ್ತೊತ್ತಾಗಿ ಜೋಡಿಸಿದ ಹಲ್ಲು ಚಿಪ್ಪುಪ್ರಾಣಿಗಳನ್ನು ಅರೆಯುವುದಕ್ಕೆ. ಮೂರು ವಸ್ತುಗಳನ್ನು ತೋರಿಸಿ “ಯಾವುದರಿಂದ ಏನು ತಿನ್ನಬಹುದು?” ಎಂದು ಕೇಳಿದರೆ ಉತ್ತರಗಳನ್ನು ಮಕ್ಕಳೇ ಕೊಡುತ್ತಾರೆ.

ಆಹಾರ ತಿಳಿದ ಮೇಲೆ ನೆಲೆಯ ಕಡೆಗೆ ಹೆಜ್ಜೆ ಇಡಬಹುದು. ಚಿಪ್ಪನ್ನು ಅರೆಯುವ ಹಲ್ಲುಗಳೇ ಒಂದೆಡೆ ಹೆಚ್ಚಾಗಿ ಸಿಕ್ಕರೆ, ಚಿಪ್ಪುಪ್ರಾಣಿಗಳು ಸಮೃದ್ಧವಾಗಿದ್ದ ಕಡಲತಳ ಅದಾಗಿತ್ತೆಂದು ಊಹಿಸಲು ಕಾರಣವಿದೆ. ಭಾರತದಲ್ಲಿಯೇ ಇದಕ್ಕೆ ಉದಾಹರಣೆಗಳಿವೆ. ತಮಿಳುನಾಡಿನ ಅರಿಯಲೂರು ಸೀಮೆಯ ಕಾರೈ ಶಿಲಾಸ್ತರಗಳಲ್ಲಿ ಟೈಕೋಡಸ್ ಎಂಬ ಚಪ್ಪಟೆ ಹಲ್ಲಿನ ಶಾರ್ಕ್ ದೊರೆತಿದೆ. ಅದು ಬದುಕಿದ್ದುದು ಕ್ರಿಟೇಷಿಯಸ್ ಯುಗದಲ್ಲಿ, ಅಂದರೆ ಡೈನೋಸಾರ್‌ಗಳ ಕಾಲದಲ್ಲಿ. ರಾಜಸ್ಥಾನದ ಜೈಸಲ್ಮೇರಿನ ಮರುಭೂಮಿಯಲ್ಲಿ, 16 ಕೋಟಿ ವರ್ಷಗಳಿಗಿಂತ ಹಳೆಯ ಜುರಾಸಿಕ್ ಶಿಲೆಗಳಲ್ಲಿ, ಸ್ಟ್ರೋಫೋಡಸ್ ಎಂಬ ಇನ್ನೊಂದು ಅರೆಹಲ್ಲಿನ ಶಾರ್ಕ್ ಪತ್ತೆಯಾದದ್ದನ್ನು 2021ರಲ್ಲಿ ಪ್ರಕಟಿಸಲಾಯಿತು. ಅದರ ಪ್ರಭೇದಕ್ಕೆ ಜೈಸಲ್ಮೇರಿನ ಹೆಸರನ್ನೇ ಇಡಲಾಗಿದೆ. ಒಡಿಶಾದ ಬಾರಿಪದದ ಬಳಿ ಬುಧಬಲಂಗ ನದಿಯ ದಂಡೆಯ ಪದರುಗಳೂ ಶಾರ್ಕ್ ಹಲ್ಲುಗಳಿಗೆ ಹಿಂದಿನಿಂದ ಹೆಸರಾದವು. ಒಂದು ಮರುಭೂಮಿ, ಒಂದು ಸುಣ್ಣಕಲ್ಲಿನ ಗಣಿಸೀಮೆ, ಒಂದು ನದಿದಂಡೆ. ಭಾರತದ ಭೂಪಟದಲ್ಲಿ ಈ ಮೂರನ್ನು ಮಕ್ಕಳಿಂದಲೇ ಗುರುತಿಸಿಸಿದರೆ ಕಡಲು ಎಷ್ಟು ಸಲ, ಎಷ್ಟು ಬೇರೆ ಬೇರೆ ಕಾಲದಲ್ಲಿ ನೆಲದೊಳಕ್ಕೆ ಬಂದು ಹಿಂದೆ ಸರಿದಿದೆ ಎಂಬುದು ಕಣ್ಣಿಗೆ ಕಾಣುತ್ತದೆ.

ಹಲ್ಲಿನ ಗಾತ್ರವೂ ಮಾತನಾಡುತ್ತದೆ. ಮೆಗಾಲೊಡಾನ್ ಎಂಬ ಅಳಿದುಹೋದ ಮಹಾಶಾರ್ಕ್‌ನ ಹಲ್ಲು ದೊಡ್ಡವರ ಅಂಗೈಯನ್ನು ತುಂಬುವಷ್ಟು ದೊಡ್ಡದಿರುತ್ತದೆ. ಮಧ್ಯ ಅಮೆರಿಕದ ಪನಾಮಾದಲ್ಲಿ, ಸುಮಾರು 1 ಕೋಟಿ ವರ್ಷಗಳ ಹಿಂದಿನ ಸ್ತರವೊಂದರಲ್ಲಿ ಇದೇ ಜಾತಿಯ ಹಲ್ಲುಗಳು ಬಹುಪಾಲು ಚಿಕ್ಕವೇ ಆಗಿದ್ದವು. ಆ ಸ್ಥಳ ಆಳವಿಲ್ಲದ ಕೊಲ್ಲಿಯಾಗಿದ್ದಿತು, ಮರಿಗಳು ಅಲ್ಲಿ ಬೆಳೆಯುತ್ತಿದ್ದವು ಎಂದು 2010ರ ಅಧ್ಯಯನವೊಂದು ತರ್ಕಿಸಿತು. ಇಲ್ಲಿ ಸಾಕ್ಷಿಯಾದದ್ದು ಒಂದು ಹಲ್ಲಲ್ಲ, ಹಲ್ಲುಗಳ ಗುಂಪು. ಈ ಭೇದವನ್ನು ಶಿಕ್ಷಕರು ಒತ್ತಿ ಹೇಳುವುದು ಒಳಿತು.

ಹಲ್ಲಿನ ರಸಾಯನವನ್ನು ಪರೀಕ್ಷಿಸಿ ಪ್ರಾಚೀನ ನೀರಿನ ಉಷ್ಣತೆಯನ್ನು ಅಂದಾಜಿಸುವ ವಿಧಾನವೂ ಇದೆ. ಹಲ್ಲು ಬೆಳೆಯುವಾಗ ಭಾರವಾದ ಮತ್ತು ಹಗುರವಾದ ಎರಡು ಬಗೆಯ ಆಕ್ಸಿಜನ್ ಅದರೊಳಗೆ ಸೇರುವ ಪ್ರಮಾಣವು ಉಷ್ಣತೆಯನ್ನು ಅವಲಂಬಿಸಿರುತ್ತದೆ. ಹತ್ತನೆಯ ತರಗತಿಗೆ ಇಷ್ಟು ಸಾಕು. ಆದರೆ ಜಾಣ ವಿದ್ಯಾರ್ಥಿಯೊಬ್ಬ “ಅದು ನೀರಿನ ಉಷ್ಣತೆಯೋ ಮೀನಿನ ಮೈಯದೋ?” ಎಂದು ಕೇಳಿದರೆ ಅದನ್ನು ಅಧಿಕಪ್ರಸಂಗವೆಂದು ತಳ್ಳಿಹಾಕಬಾರದು. ಮೆಗಾಲೊಡಾನ್‌ನ ಮೈ ಸುತ್ತಲಿನ ನೀರಿಗಿಂತ ಸುಮಾರು 7 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿತ್ತೆಂದು 2023ರಲ್ಲಿ ವಿಜ್ಞಾನಿಗಳು ಅಂದಾಜಿಸಿದ್ದು ಇಂಥದೇ ಪ್ರಶ್ನೆಯನ್ನು ಬೆನ್ನಟ್ಟಿ.

ಆಸಿಫಾಬಾದಿನ ತೊರಕೆ

ದಖನ್ನಿನ ಕರಿಕಲ್ಲಿಗೂ ಶಾರ್ಕ್ ಕುಲದ ಹಲ್ಲಿಗೂ ಸಂಬಂಧವೇ ಇಲ್ಲವೆಂದು ತಿಳಿಯಬೇಕಾಗಿಲ್ಲ. ಸೊಲ್ಲಾಪುರ ಜಿಲ್ಲೆಯ ನೆಲವೆಲ್ಲ ಬಸಾಲ್ಟ್ ಶಿಲೆಯದು; ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿದ ಲಾವಾ ಮೇಲಿಂದ ಮೇಲೆ ಹರಿದು ಗಟ್ಟಿಯಾದದ್ದು. ಎರಡು ಹರಿವುಗಳ ನಡುವೆ ಕೆಲವೊಮ್ಮೆ ಸಾವಿರಾರು ವರ್ಷಗಳ ಬಿಡುವು ಇರುತ್ತಿತ್ತು. ಆ ಬಿಡುವಿನಲ್ಲಿ ಲಾವಾದ ತಗ್ಗುಗಳಲ್ಲಿ ಕೆರೆಗಳಾದವು, ಹುಲ್ಲುಸಸ್ಯಗಳು ಬೆಳೆದವು, ಕೆಸರು ಕೂತಿತು. ಮತ್ತೆ ಲಾವಾ ಬಂದು ಕೆರೆಯನ್ನು ಮುಚ್ಚಿತು. ಹೀಗೆ ಲಾವಾಗಳ ನಡುವೆ ಸಿಕ್ಕಿಕೊಂಡ ತೆಳುವಾದ ಕೆಸರಿನ ಪದರುಗಳನ್ನು ಅಂತರ್ಲಾವಾ ಸ್ತರಗಳೆಂದು ಕರೆಯಬಹುದು. ರೊಟ್ಟಿಗಳ ಅಟ್ಟಿಯ ನಡುವೆ ಸವರಿದ ಚಟ್ನಿಯಂತೆ ಅವು ಇವೆ. ಪಳೆಯುಳಿಕೆಗಳಿರುವುದು ಚಟ್ನಿಯಲ್ಲಿ, ರೊಟ್ಟಿಯಲ್ಲಲ್ಲ.

ಇಂಥ ಸ್ತರಗಳು ಕನ್ನಡ ನಾಡಿಗೂ ದೂರವಲ್ಲ. ಯಾದಗಿರಿ ಜಿಲ್ಲೆಯ ಗುರುಮಠಕಲ್ ಬಳಿಯ ಸ್ತರಗಳಲ್ಲಿ ಸಿಹಿನೀರಿನ ಸೂಕ್ಷ್ಮ ಪಳೆಯುಳಿಕೆಗಳು ದೊರೆತಿವೆ. ತೆಲಂಗಾಣದ ವಿಕಾರಾಬಾದ್ ಬಳಿಯ ನಸ್ಕಲ್‌ನಲ್ಲಿ ಡೆಕ್ಕನೊಲೆಸ್ಟಿಸ್ ಎಂಬ, ಮೂಗಿಲಿಯಷ್ಟು ಚಿಕ್ಕ ಸಸ್ತನಿಯ ಹಲ್ಲುಗಳು ಸಿಕ್ಕಿ, ಭಾರತದ ಮೊದಲ ಕ್ರಿಟೇಷಿಯಸ್ ಸಸ್ತನಿಯೆಂದು ಜಿ.ವಿ.ಆರ್. ಪ್ರಸಾದ್ ಮತ್ತು ಅಶೋಕ ಸಾಹ್ನಿಯವರು 1988ರಲ್ಲಿ ಅದನ್ನು ಪ್ರಕಟಿಸಿದರು. ಅದೇ ತೆಲಂಗಾಣದ ಉತ್ತರ ತುದಿಯ ಆಸಿಫಾಬಾದಿನ ಸ್ತರದಲ್ಲಿ ದೊರೆತದ್ದು ಈ ಪಾಠಕ್ಕೆ ಬೇಕಾದ ವಸ್ತು: ಇಗ್ಡಬಾಟಿಸ್ ಎಂಬ ತೊರಕೆ ಮೀನಿನ ಹಲ್ಲು. ಪ್ರಸಾದ್ ಮತ್ತು ಫ್ರಾನ್ಸಿನ ಆನ್ರಿ ಕಪೆಟ್ಟಾ 1993ರಲ್ಲಿ ಅದಕ್ಕೆ ಇಗ್ಡಬಾಟಿಸ್ ಇಂಡಿಕಸ್ ಎಂದು ಹೆಸರಿಟ್ಟರು.

ಈ ಹಲ್ಲು ಎರಡು ಕೆಲಸ ಮಾಡಿತು. ಒಂದರಲ್ಲಿ ಅದು ನೇರವಾಗಿ ಗೆದ್ದಿತು. ಇನ್ನೊಂದರಲ್ಲಿ ಎಲ್ಲರನ್ನೂ ಚರ್ಚೆಗೆ ಹಚ್ಚಿತು. ಗೆದ್ದದ್ದು ಕಾಲದ ವಿಚಾರದಲ್ಲಿ. ಅಂತರ್ಲಾವಾ ಸ್ತರಗಳು ಡೈನೋಸಾರ್‌ಗಳು ಅಳಿದ ಮೇಲಿನ ತೃತೀಯಕ ಯುಗದವೆಂದು ಹಿಂದೆ ಹಲವು ವಿದ್ವಾಂಸರು ನಂಬಿದ್ದರು. ಇಗ್ಡಬಾಟಿಸ್ ಕುಲವಾದರೋ ಅದಕ್ಕೆ ಮೊದಲು ಆಫ್ರಿಕದ ನೈಜರ್ ದೇಶದಲ್ಲಿ, ಕ್ರಿಟೇಷಿಯಸ್ ಯುಗದ ಕೊನೆಯ ಹಂತದ ಶಿಲೆಗಳಿಂದ 1972ರಲ್ಲಿ ವರ್ಣಿತವಾಗಿತ್ತು. ಅದೇ ಕುಲದ ಮೀನು ದಖನ್ನಿನ ಲಾವಾಗಳ ನಡುವೆ ಸಿಕ್ಕಿತೆಂದರೆ, ಲಾವಾ ಉಕ್ಕಲಾರಂಭಿಸಿದ್ದು ಕ್ರಿಟೇಷಿಯಸ್ ಮುಗಿಯುವುದಕ್ಕೆ ಮೊದಲೇ ಎಂಬ ವಾದಕ್ಕೆ ಬಲ ಬಂದಿತು. ಡೈನೋಸಾರ್‌ಗಳ ಅಳಿವಿನಲ್ಲಿ ದಖನ್ನಿನ ಜ್ವಾಲಾಮುಖಿಗಳ ಪಾತ್ರವೇನು ಎಂಬ ಜಾಗತಿಕ ಚರ್ಚೆಯಲ್ಲಿ ಈ ಕಾಲನಿರ್ಣಯಕ್ಕೆ ಇರುವ ಬೆಲೆ ಸಣ್ಣದಲ್ಲ.

ಚರ್ಚೆಗೆ ಕಾರಣವಾದದ್ದು ನೆಲೆಯ ವಿಚಾರ. ತೊರಕೆ ಸಾಮಾನ್ಯವಾಗಿ ಕಡಲ ಮೀನು. ಆಸಿಫಾಬಾದೋ ಇಂದು ಕಡಲಿನಿಂದ ಬಹುದೂರದ ಒಳನಾಡು. ದಖನ್ನಿನ ಅಂತರ್ಲಾವಾ ಸ್ತರಗಳಲ್ಲಿ ಸಾಮಾನ್ಯವಾಗಿ ಕಾಣುವುದೂ ಫೈಸಾ ಬಸವನಹುಳುವಿನಂಥ ಸಿಹಿನೀರಿನ ಜೀವಿಗಳೇ. ಹಾಗಾದರೆ ಕಡಲಿನ ಮೀನು ಅಲ್ಲಿಗೆ ಬಂದದ್ದು ಹೇಗೆ? ಕಡಲಿನ ತೋಳೊಂದು ಒಳನಾಡಿನವರೆಗೆ ಚಾಚಿತ್ತು ಎಂಬುದು ಒಂದು ವಿವರಣೆ. ಆ ಕಾಲದ ಸಮುದ್ರತೀರ ಈಗಿನದಕ್ಕಿಂತ ಸಮೀಪವಿತ್ತು, ಮೀನು ನದಿಯ ಮೂಲಕ ಮೇಲೇರಿ ಬಂತು ಎಂಬುದು ಇನ್ನೊಂದು. ಎರಡನೆಯದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಇಂದಿಗೂ ಬುಲ್ ಶಾರ್ಕ್ ಕಡಲು ಬಿಟ್ಟು ನದಿಗಳಲ್ಲಿ ನೂರಾರು ಕಿಲೋಮೀಟರು ಒಳಬರುತ್ತದೆ. ಮಧ್ಯ ಅಮೆರಿಕದ ನಿಕರಾಗುವಾ ಸರೋವರದಲ್ಲಿಯೂ ಅದು ಕಂಡುಬಂದಿದೆ. ಗಂಗಾನದಿಗೆ ತನ್ನದೇ ಆದ ಒಂದು ಶಾರ್ಕ್ ಜಾತಿ ಇದೆ. ಆಗ್ನೇಯ ಏಷ್ಯದ ಮೆಕಾಂಗ್ ನದಿಯಲ್ಲಿ ಭಾರಿ ಗಾತ್ರದ ಸಿಹಿನೀರಿನ ತೊರಕೆಗಳು ಬದುಕುತ್ತಿವೆ.

ಆದ್ದರಿಂದ ಒಂದು ಹಲ್ಲು ಸಿಕ್ಕಿತೆಂದೊಡನೆ ಅಲ್ಲಿ ಕಡಲಿತ್ತೆಂದು ಘೋಷಿಸಲಾಗದು. ಹಲ್ಲಿನ ಜೊತೆಯಲ್ಲಿ ಏನೇನು ಸಿಕ್ಕಿತು ಎಂಬುದನ್ನು ಕೇಳಬೇಕು. ಕಪ್ಪೆಯ ಮೂಳೆ, ಸಿಹಿನೀರಿನ ಬಸವನಹುಳು, ಕೆರೆಯ ಪಾಚಿಯ ಬೀಜಕಗಳು ಜೊತೆಗಿದ್ದರೆ ಒಂದು ಕಥೆ. ಸಿಂಪಿ, ಕಡಲಕಂಟಕ, ಹವಳ ಜೊತೆಗಿದ್ದರೆ ಇನ್ನೊಂದು ಕಥೆ. ಆಂಧ್ರದ ರಾಜಮಹೇಂದ್ರಿಯ ಬಳಿ ಲಾವಾ ಸ್ತರಗಳ ನಡುವೆ ಎರಡನೆಯ ಬಗೆಯ ಸಂಗಾತಿಗಳು, ಸಿಂಪಿಯೂ ಸೇರಿ, ದೊರೆತಿರುವುದರಿಂದ ಅಲ್ಲಿ ಲಾವಾ ಕಡಲನ್ನು ಮುಟ್ಟಿತ್ತೆಂದು ಧೈರ್ಯವಾಗಿ ಹೇಳಬಹುದು. ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯ ಝಿಲ್ಮಿಲಿಯಲ್ಲಿ ಕಡಲಲ್ಲಿ ತೇಲುವ ಸೂಕ್ಷ್ಮಜೀವಿಗಳ ಚಿಪ್ಪುಗಳು ಸಿಕ್ಕಿವೆ ಎಂದು 2009ರಲ್ಲಿ ಪ್ರಕಟವಾದಾಗ, ಒಳನಾಡಿಗೆ ಚಾಚಿದ ಕಡಲ ತೋಳಿನ ವಾದಕ್ಕೆ ಹೊಸ ಜೀವ ಬಂತು. ಹಲ್ಲು ಅಂಚು ಸವೆದು ದುಂಡಾಗಿದೆಯೇ ಎಂಬುದನ್ನೂ ನೋಡಬೇಕು. ಸವೆದಿದ್ದರೆ ಅದು ಬೇರೆಲ್ಲಿಂದಲೋ, ಕೆಲವೊಮ್ಮೆ ಇನ್ನೂ ಹಳೆಯ ಶಿಲೆಯಿಂದಲೋ ತೊಳೆದುಬಂದದ್ದಾಗಿರಬಹುದು.

ತರಗತಿಯಲ್ಲಿ ಇದನ್ನು ಆಟವಾಗಿಸಬಹುದು. ರಟ್ಟಿನ ಚೀಟಿಗಳ ಮೇಲೆ ಹಲ್ಲು, ಸಿಂಪಿ, ಕಪ್ಪೆಮೂಳೆ, ಬಸವನಹುಳು, ಹವಳ, ಎಲೆಯಚ್ಚು ಎಂದು ಬರೆದು, ಪ್ರತಿ ಗುಂಪಿಗೆ ಮೂರು ಚೀಟಿಗಳನ್ನು ಕೊಡುವುದು. ಹಲ್ಲಿನ ಚೀಟಿ ಎಲ್ಲ ಗುಂಪಿಗೂ ಇರಲಿ. “ನಿಮ್ಮ ಸ್ಥಳ ಕಡಲೋ, ಕೆರೆಯೋ, ನದೀಮುಖವೋ? ಏಕೆ?” ಎಂಬುದಷ್ಟೇ ಪ್ರಶ್ನೆ. ಒಂದೇ ಹಲ್ಲಿನಿಂದ ಗುಂಪುಗಳು ಬೇರೆ ಬೇರೆ ನಿರ್ಣಯಕ್ಕೆ ಬಂದಾಗ, ಯಾರದು ಸರಿ ಎಂದು ಶಿಕ್ಷಕರು ಅವಸರದಿಂದ ತೀರ್ಪು ಕೊಡದಿರುವುದು ಮೇಲು.

ಸೊಲ್ಲಾಪುರದಿಂದ ಶಹಾಬಾದಿನವರೆಗೆ

ಈಗ ಹೊಲದ ಪ್ರಶ್ನೆಗೆ ಬರಬಹುದು. ಸೊಲ್ಲಾಪುರದಿಂದ ವಾಡಿಯ ಕಡೆಗೆ ಹೋಗುವ ರೈಲು ಈ ಉತ್ತರವನ್ನು ಚೆನ್ನಾಗಿ ವಿವರಿಸುತ್ತದೆ. ಹೊಟಗಿ, ಅಕ್ಕಲಕೋಟೆ ರೋಡ್, ದುಧನಿ, ಗಾಣಗಾಪುರ ರೋಡ್ ದಾಟುವವರೆಗೂ ಹಳಿಯ ಇಕ್ಕೆಲದಲ್ಲಿ ಎರೆನೆಲ, ಮುರುಮು, ಕರಿಕಲ್ಲು. ಎರೆಮಣ್ಣು ಬಸಾಲ್ಟ್ ಕಲ್ಲು ಶಿಥಿಲವಾಗಿ ಆದದ್ದು. ಮಾಲದಂಡಿ ಜೋಳ ಬೆಳೆಯುವ ಮಣ್ಣು ಒಂದು ಕಾಲದ ಲಾವಾ. ಕುದಿಯುವ ಲಾವಾದಲ್ಲಿ ಮೀನಿನ ಹಲ್ಲು ಉಳಿಯುವುದಿಲ್ಲ. ಆದುದರಿಂದ ಹೊಲದ ಕರಿಕಲ್ಲಿನೊಳಗೆ ಅದನ್ನು ಹುಡುಕುವುದು ವ್ಯರ್ಥ. ಇದು ಉತ್ತರದ ಮೊದಲರ್ಧ.

ಕಲಬುರಗಿ ದಾಟಿ ಶಹಾಬಾದ್ ಸಮೀಪಿಸುತ್ತಲೇ ನೆಲದ ಬಣ್ಣ ಬದಲಾಗುತ್ತದೆ. ಅಲ್ಲಿ ಬಸಾಲ್ಟಿನ ಹೊದಿಕೆ ಸರಿದು, ಅದರ ಅಡಿಯಲ್ಲಿದ್ದ ಸುಣ್ಣಕಲ್ಲಿನ ಪದರುಗಳು ಬಯಲಾಗಿವೆ. ಭೂವಿಜ್ಞಾನಿಗಳು ಇದನ್ನು ಭೀಮಾ ನದಿಯ ಹೆಸರಿನಿಂದಲೇ ಭೀಮಾ ಶಿಲಾಸಮೂಹವೆನ್ನುತ್ತಾರೆ. ಇದು ಆಳವಿಲ್ಲದ ಕಡಲಿನ ತಳದಲ್ಲಿ ಕೂತ ಸುಣ್ಣದ ಕೆಸರು. ಪದರಿನಿಂದ ಪದರಾಗಿ ಸೀಳಿ ತೆಗೆದ ಈ ಕಲ್ಲನ್ನೇ ಶಹಾಬಾದ್ ಫರಸಿ ಎಂದು ಸೊಲ್ಲಾಪುರದ ಮನೆ, ಗುಡಿ, ಶಾಲೆಗಳಲ್ಲಿ ಹಾಸಿರುವುದು. ಅಂದರೆ ಎಷ್ಟೋ ಮಕ್ಕಳು ಪಾಠ ಕೇಳುತ್ತ ಕುಳಿತಿರುವುದು ನಿಜವಾದ ಕಡಲತಳದ ಮೇಲೆಯೇ.

ಹಾಗಿದ್ದರೆ ಫರಸಿಯಲ್ಲಿ ಶಾರ್ಕ್ ಹಲ್ಲು ಸಿಗಬೇಕಲ್ಲವೇ? ಸಿಗುವುದಿಲ್ಲ. ಕಾರಣ ಇಲ್ಲಿ ಬೇರೆ. ಈ ಸುಣ್ಣಕಲ್ಲು ಪ್ರೊಟೆರೊಜೊಯಿಕ್ ಎಂಬ ಅತಿಪ್ರಾಚೀನ ಕಲ್ಪದ್ದೆಂದು ಪರಿಗಣಿತವಾಗಿದೆ. ಆ ಕಲ್ಪ ಮುಗಿದದ್ದೇ ಸುಮಾರು 54 ಕೋಟಿ ವರ್ಷಗಳ ಹಿಂದೆ. ಭೂಮಿಯ ಮೇಲೆ ಹಲ್ಲುಳ್ಳ ಮೀನು ಹುಟ್ಟಿದ್ದು ಅದಾದ ಹತ್ತು ಕೋಟಿ ವರ್ಷಗಳಷ್ಟು ಬಳಿಕ. ಕಡಲಿತ್ತು, ಶಾರ್ಕ್ ಇನ್ನೂ ಹುಟ್ಟಿರಲಿಲ್ಲ. ಮೇಲಿನ ಕರಿಕಲ್ಲಿನ ಕಾಲಕ್ಕೆ ಶಾರ್ಕ್ ಇತ್ತು, ಇಲ್ಲಿ ಕಡಲಿರಲಿಲ್ಲ. ಎರಡು ಪದರುಗಳ ನಡುವಿನ ಕೋಟ್ಯಂತರ ವರ್ಷಗಳ ದಾಖಲೆ ಈ ಸೀಮೆಯಲ್ಲಿ ಇಲ್ಲವೇ ಇಲ್ಲ. ಪುಟಗಳು ಹರಿದುಹೋದ ಕಡತದಂತೆ. ಇದು ಉತ್ತರದ ಉಳಿದರ್ಧ. ಮಕ್ಕಳು ಇದನ್ನು ಕೇಳಿ ನಿರಾಶರಾಗುವರೆಂದು ಭಯಪಡಬೇಕಾಗಿಲ್ಲ. ಪುರಾವೆ ಇಲ್ಲದಿರುವುದಕ್ಕೂ ಕಾರಣ ಹೇಳಬಹುದು ಎಂಬುದು ಅವರಿಗೆ ಹೊಸ ಸಂಗತಿಯಾಗಿರುತ್ತದೆ.

ವಯಸ್ಸನ್ನು ಅಳೆಯುವ ಬಗೆ

ಪಠ್ಯದಲ್ಲಿ ಕಾರ್ಬನ್ ಕಾಲಮಾಪನದ ವಿವರಣೆ ಇದೆ. ಪಳೆಯುಳಿಕೆಯ ವಿಷಯದ ಜೊತೆಯಲ್ಲೇ ಅದು ಬರುವುದರಿಂದ, ಎಲ್ಲ ಪಳೆಯುಳಿಕೆಗಳ ವಯಸ್ಸನ್ನೂ ಕಾರ್ಬನ್‌ನಿಂದಲೇ ಅಳೆಯುತ್ತಾರೆಂಬ ತಪ್ಪು ತಿಳಿವಳಿಕೆ ಬೇಗ ಬೇರೂರುತ್ತದೆ. ಕಾರ್ಬನ್-14ರ ಅರ್ಧಾಯು ಸುಮಾರು 5730 ವರ್ಷ. 50,000 ವರ್ಷ ದಾಟಿದ ವಸ್ತುವಿನಲ್ಲಿ ಅಳೆಯುವಷ್ಟು ಕಾರ್ಬನ್-14 ಉಳಿದಿರುವುದಿಲ್ಲ. ಕೋಟಿ ವರ್ಷಗಳ ಹಲ್ಲಿಗೆ ಈ ವಿಧಾನ ಅನ್ವಯಿಸದು. ಅಂಥ ಹಲ್ಲಿನ ವಯಸ್ಸನ್ನು ಅದರ ಮೇಲೆ ಕೆಳಗೆ ಇರುವ ಶಿಲೆಗಳಿಂದ, ಮುಖ್ಯವಾಗಿ ಜ್ವಾಲಾಮುಖಿಯ ಶಿಲೆಗಳಿಂದ, ತಿಳಿಯಲಾಗುತ್ತದೆ. ಲಾವಾ ಗಟ್ಟಿಯಾದಂದಿನಿಂದ ಅದರೊಳಗಿನ ಪೊಟ್ಯಾಸಿಯಂ ನಿಧಾನವಾಗಿ ಆರ್ಗಾನ್ ಅನಿಲವಾಗುತ್ತ ಬರುತ್ತದೆ. ಕೂಡಿದ ಆರ್ಗಾನನ್ನು ಅಳೆದರೆ ವಯಸ್ಸು ತಿಳಿಯುತ್ತದೆ. ಎರಡು ಲಾವಾಗಳ ನಡುವಿನ ಕೆಸರು ಮೇಲಿನದಕ್ಕಿಂತ ಹಳೆಯದು, ಕೆಳಗಿನದಕ್ಕಿಂತ ಹೊಸದು. ಸೊಲ್ಲಾಪುರದ ಕರಿಕಲ್ಲಿನಲ್ಲಿ ಹಲ್ಲಿಲ್ಲ, ನಿಜ. ಹಲ್ಲಿನ ಕಾಲ ಹೇಳುವ ಗಡಿಯಾರವಾಗಬಲ್ಲ ಗುಣ ಆ ಕಲ್ಲಿಗಿದೆ.

ಪದಗಳ ಬಳಕೆ

ಗಡಿಯ ಮಕ್ಕಳಿಗೆ ಈ ಪಾಠದ ಪದಗಳು ಎರಡು ದಿಕ್ಕಿನಿಂದ ಬರುತ್ತವೆ. ಕನ್ನಡದ ಪಳೆಯುಳಿಕೆ ಮರಾಠಿಯಲ್ಲಿ ಜೀವಾಶ್ಮ. ಎರಡೂ ಒಂದೇ ವಸ್ತುವಿನ ಹೆಸರು ಎಂಬುದನ್ನು ಶಿಕ್ಷಕರು ಹಲಗೆಯ ಮೇಲೆ ಬರೆದು ತೋರಿಸಬೇಕು. ಇಲ್ಲದಿದ್ದರೆ ಮುಂದೆ ಕಾಲೇಜಿನಲ್ಲಿ ಮಗು ಎರಡನ್ನೂ ಬೇರೆ ಬೇರೆಯೆಂದು ಭಾವಿಸುವ ಸಂಭವವಿದೆ. ಪಳೆಯುಳಿಕೆ ಎಂದರೆ ಹಳೆಯದರ ಉಳಿಕೆ. ಜೀವಾಶ್ಮ ಎಂದರೆ ಜೀವವಿದ್ದ ಕಲ್ಲು. ಒಂದು ಕಾಲವನ್ನು ಹೇಳುತ್ತದೆ, ಇನ್ನೊಂದು ದ್ರವ್ಯವನ್ನು. ಎರಡೂ ಭಾಷೆ ತಿಳಿದ ಮಗುವಿಗೆ ವ್ಯಾಖ್ಯೆಯ ಎರಡು ಅಂಶಗಳೂ ಪದಗಳಲ್ಲೇ ದೊರೆಯುತ್ತವೆ. ಈ ಲಾಭ ಒಂದೇ ಭಾಷೆಯಲ್ಲಿ ಕಲಿಯುವ ಮಗುವಿಗಿಲ್ಲ.

ಮೀನಿನ ಹೆಸರುಗಳಲ್ಲಿ ತೊಡಕು ಹೆಚ್ಚು. ಕರಾವಳಿಯಲ್ಲಿ ಶಾರ್ಕನ್ನು ತಾಟೆ ಎಂದೂ ಅದರ ಚಪ್ಪಟೆ ದಾಯಾದಿಯನ್ನು ತೊರಕೆ ಎಂದೂ ಕರೆಯುತ್ತಾರೆ. ಬಯಲುಸೀಮೆಯ ಮಗುವಿಗೆ ಎರಡೂ ಅಪರಿಚಿತ. ಮುಂಬಯಿಯ ನಂಟಿರುವ ಮನೆಗಳಲ್ಲಿ ಮರಾಠಿಯ ಮುಶಿ, ಪಾಕಟ ಎಂಬ ಹೆಸರುಗಳು ಕಿವಿಗೆ ಬಿದ್ದಿರಬಹುದು. ಶಾರ್ಕ್ ಎಂಬುದೇ ಎಲ್ಲರಿಗೂ ತಿಳಿದ ಪದವಾದುದರಿಂದ ಅದನ್ನೇ ಉಳಿಸಿಕೊಂಡು, ತೊರಕೆಯನ್ನು ಕನ್ನಡದಲ್ಲಿ ಕಲಿಸಿ, ಉಳಿದವನ್ನು ಮಕ್ಕಳು ಹೇಳಿದರೆ ಸ್ವೀಕರಿಸುವುದು ಯೋಗ್ಯ. ಸಂಸ್ಕೃತದಿಂದ ಹೊಸ ಪದ ಕಟ್ಟುವ ಉತ್ಸಾಹ ಇಲ್ಲಿ ಬೇಡ.

ಮಕ್ಕಳು ಕಲ್ಲು ತಂದಾಗ

ಪಾಠ ಮುಗಿದ ಮರುದಿನದಿಂದ ಮೇಜಿನ ಮೇಲೆ ಕಲ್ಲುಗಳು ಕೂಡತೊಡಗುತ್ತವೆ. ಕರಿಕಲ್ಲಿನ ಪೊಳ್ಳುಗಳಲ್ಲಿ ಬೆಳೆದ ಬಿಳಿಯ ಹರಳುಗಳು ಅವುಗಳಲ್ಲಿ ಮುಖ್ಯವಾದವು. ಚೂಪಾಗಿ, ಹೊಳೆಯುತ್ತ, ಸಾಲಾಗಿ ನಿಂತಿರುವುದರಿಂದ ಅವನ್ನು ಹಲ್ಲುಗಳೆಂದು ಮಗು ನಂಬಿ ತಂದರೆ ಆಶ್ಚರ್ಯವಿಲ್ಲ. ಚೂಪಾದ ಒಂದು ಬಗೆಯ ಕ್ಯಾಲ್ಸೈಟಿಗೆ ಪಾಶ್ಚಾತ್ಯರೂ ನಾಯಿಹಲ್ಲಿನ ಹೆಸರನ್ನೇ ಇಟ್ಟಿದ್ದಾರೆ. ಹರಳಿನ ಮುಖಗಳು ಸಮತಟ್ಟು, ಅಂಚುಗಳು ನೇರ, ಬೇರಿನ ಭಾಗವೆಂಬುದಿಲ್ಲ. ಹಲ್ಲಿಗೆ ಹೊಳೆಯುವ ಕಿರೀಟ ಬೇರೆ, ಒರಟಾದ ಬೇರು ಬೇರೆ, ಮೈಯಲ್ಲಿ ಸಣ್ಣ ಬಾಗು. ಹರಳನ್ನು ಗಾಜಿನ ಮೇಲೆ ಎಳೆದಾಗ ಗೀರು ಬಿದ್ದರೆ ಅದು ಸ್ಫಟಿಕ. ಬೀಳದೆ, ವಿನೆಗರ್ ಹನಿಸಿದಾಗ ಪುಡಿಯಿಂದ ಗುಳ್ಳೆ ಎದ್ದರೆ ಕ್ಯಾಲ್ಸೈಟ್. ಇದೇ ಹನಿಯನ್ನು ಶಹಾಬಾದ್ ಕಲ್ಲಿನ ಚೂರೊಂದನ್ನು ಕೆರೆದು ತೆಗೆದ ಪುಡಿಯ ಮೇಲೂ, ಕರಿಕಲ್ಲಿನ ಪುಡಿಯ ಮೇಲೂ ಹಾಕಿ ಭೇದವನ್ನು ತೋರಿಸಬಹುದು. ಹಾಸಿದ ನೆಲದ ಮೇಲೆ ಪ್ರಯೋಗ ಮಾಡಿದರೆ ಕಲೆ ಉಳಿಯುತ್ತದೆ. ಮುಖ್ಯಾಧ್ಯಾಪಕರ ಅಸಮಾಧಾನಕ್ಕೆ ಕಾರಣವಾಗಬೇಕಾಗಿಲ್ಲ. ಕಲ್ಲಿನ ಸೀಳಿನಲ್ಲಿ ಕಪ್ಪುಗಿಡದ ಕೊಂಬೆಗಳಂತೆ ಹರಡಿದ ಚಿತ್ತಾರವೂ ಬರಬಹುದು. ಅದು ಎಲೆಯಚ್ಚಲ್ಲ, ನೀರಿನೊಡನೆ ಇಂಗಿದ ಮ್ಯಾಂಗನೀಸ್ ಬಿಡಿಸಿದ ಚಿತ್ರ.

“ಇದು ಹಲ್ಲಲ್ಲ” ಎಂದು ಹೇಳಿ ಕಲ್ಲನ್ನು ಹಿಂದಿರುಗಿಸುವ ಮೊದಲು, ಹೇಗೆ ತಿಳಿಯಿತೆಂಬುದನ್ನು ಮಗುವಿನ ಕೈಯಿಂದಲೇ ಪರೀಕ್ಷೆ ಮಾಡಿಸಿ ತೋರಿಸುವುದು ಅಗತ್ಯ. ಕಲ್ಲುಗಳಿಗಾಗಿ ಮಕ್ಕಳು ಬಾವಿಗೆ ಇಳಿಯದಂತೆ, ಗಣಿಯ ಕಡೆಗೆ ಹೋಗದಂತೆ ಮೊದಲೇ ತಿಳಿಹೇಳಬೇಕು. ಹೊಲದ ಬದುವಿನಲ್ಲಿ, ಹೊಸ ಮನೆಯ ಪಾಯದ ಮಣ್ಣಿನಲ್ಲಿ ಸಿಗುವಷ್ಟೇ ಸಾಕು. ತಂದ ಪ್ರತಿ ಕಲ್ಲಿಗೂ ಒಂದು ಚೀಟಿ ಅಂಟಿಸಿ, ಸಿಕ್ಕ ಊರು, ಸಿಕ್ಕ ಸ್ಥಳ, ಎಷ್ಟು ಆಳದಲ್ಲಿ, ಸುತ್ತಲಿನ ಮಣ್ಣು ಎಂಥದು, ಜೊತೆಗೆ ಏನಿತ್ತು, ಯಾವ ದಿನಾಂಕ ಎಂಬುದನ್ನು ತಂದ ಮಗುವಿನಿಂದಲೇ ಕನ್ನಡದಲ್ಲಿ ಬರೆಸಬೇಕು. ಚೀಟಿ ಇಲ್ಲದ ಕಲ್ಲನ್ನು, ಅದು ಎಷ್ಟೇ ಸುಂದರವಾಗಿರಲಿ, ಕಪಾಟಿನಲ್ಲಿ ಇಡಬಾರದು.